ಲೆನ್ಸ್ ಕೂತರೆ ಸಾಕೇ?

ಹಳೆ ಡಿಎಸ್ಎಲ್ಆರ್‌ಗೆ ಯಾವ ಲೆನ್ಸ್ ತಗೋಬೇಕು ಅಂತ ಕೇಳೋರು ಈಚೆಗೆ ಜಾಸ್ತಿ ಆಗಿದ್ದಾರೆ. ಕಾರಣ ಸರಳ. ಹೊಸ ಮಿರರ್‌ಲೆಸ್ ಕ್ಯಾಮೆರಾಗಳ ಬೆಲೆ ಕೇಳಿದರೆ ತಲೆ ತಿರುಗುತ್ತೆ. ಅದೇ ನಿಕಾನ್ ಡಿ3200 ಥರದ್ದು ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಗುತ್ತೆ, ಇಲ್ಲವೇ ಯಾರದ್ದೋ ಕಪಾಟಿನಲ್ಲಿ ಧೂಳು ತಿನ್ನುತ್ತಾ ಇದ್ದದ್ದು ಅಕ್ಕನ ಮಗನಿಗೋ ತಮ್ಮನ ಮಗಳಿಗೋ ಬರುತ್ತೆ. ಕ್ಯಾಮೆರಾ ಬಿಟ್ಟಿ, ಖರ್ಚು ಲೆನ್ಸಿಗೆ ಮಾತ್ರ. ಎಡವಟ್ಟು ಆಗೋದೂ ಅಲ್ಲೇ.

"ನಿಕಾನ್ ಕ್ಯಾಮೆರಾ, ನಿಕಾನ್ ಲೆನ್ಸ್, ಹೊಂದದೆ ಏನಾಗುತ್ತೆ?" ಅನ್ನೋದು ಎಲ್ಲರ ಲೆಕ್ಕಾಚಾರ. ಅಂಗಡಿಯವರು ಹೇಳೋದೂ ಅದನ್ನೇ. ಸುಳ್ಳಲ್ಲ ಬಿಡಿ, ಕೂತ್ಕೊಳ್ಳುತ್ತೆ. ನಿಕಾನ್‌ನವರು 1959ರಲ್ಲಿ ತಂದ ಎಫ್ ಮೌಂಟ್ ಅನ್ನೇ ಕೊನೆಯ ಡಿಎಸ್ಎಲ್ಆರ್‌ವರೆಗೂ ಉಳಿಸಿಕೊಂಡರು. ಆದರೆ ಕೂತ ಮೇಲೆ ಕೆಲಸ ಮಾಡುತ್ತಾ ಅನ್ನೋದು ಬೇರೆಯೇ ಪ್ರಶ್ನೆ.

ಒಳಗಿನ ಸಂಗತಿ ಇಷ್ಟು. ಹಳೆಯ ಎಎಫ್ ಲೆನ್ಸ್‌ಗಳಲ್ಲಿ ಫೋಕಸ್ ಮಾಡೋ ಮೋಟರ್ ಇಲ್ಲ. ಮೋಟರ್ ಇರೋದು ಕ್ಯಾಮೆರಾದೊಳಗೆ. ಮೌಂಟಿನ ಪಕ್ಕ ಸ್ಕ್ರೂ ಡ್ರೈವರ್ ತುದಿಯಂಥ ಒಂದು ಪುಟ್ಟ ಕಡ್ಡಿ ಇರುತ್ತಲ್ಲ, ಅದೇ ಲೆನ್ಸನ್ನು ತಿರುಗಿಸೋದು. 2006ರಲ್ಲಿ ಡಿ40 ತಂದಾಗ ನಿಕಾನ್ ಆ ಮೋಟರನ್ನೇ ತೆಗೆದು ಹಾಕಿತು. ಆಮೇಲೆ ಬಂದ ಡಿ60, ಡಿ3000 ಮತ್ತು ಡಿ5000 ಸಾಲಿನ ಎಲ್ಲವೂ ಹಾಗೇ. ಡಿ90, ಡಿ7000ಗಳಲ್ಲಿ ಮೋಟರ್ ಉಳಿಯಿತು. ಅಂದರೆ ಕಡಿಮೆ ದುಡ್ಡಿನವನಿಗೆ ಕಡಿಮೆ ಬೆಲೆಯ ಹಳೆ ಲೆನ್ಸ್ ಉಪಯೋಗಕ್ಕಿಲ್ಲ, ಹೆಚ್ಚು ದುಡ್ಡು ಕೊಟ್ಟವನಿಗೆ ಎಲ್ಲವೂ ಆಗುತ್ತೆ!! ಇದು ನನಗೆ ಅಂದೂ ಸರಿ ಕಾಣಲಿಲ್ಲ, ಇಂದೂ ಕಾಣಲ್ಲ.

ಉದಾಹರಣೆಗೆ 70-300 ಅನ್ನೋ ಲೆನ್ಸನ್ನೇ ನೋಡಿ. ಊರಿಗೆ ಹೋದಾಗ ಹಕ್ಕಿ ಪಕ್ಷಿ ತೆಗೆಯೋಣ ಅಂತ ಎಲ್ಲರೂ ಮೊದಲು ಕೇಳೋದು ಇದನ್ನೇ. ಈ ಹೆಸರಿನಲ್ಲಿ ನಿಕಾನ್‌ನದ್ದೇ ಹಲವು ಲೆನ್ಸ್ ಇವೆ. ಬರೀ 'ಎಎಫ್' ಅಂತ ಇರೋ ಅಗ್ಗದ್ದು ಡಿ3200ರಲ್ಲಿ ತಾನಾಗಿ ಫೋಕಸ್ ಆಗಲ್ಲ, ಕೈಯಲ್ಲಿ ತಿರುಗಿಸಬೇಕು. 'ಎಎಫ್-ಎಸ್ ವಿಆರ್' ಇರೋದು ಚೆನ್ನಾಗಿ ನಡೆಯುತ್ತೆ. 2016ರಲ್ಲಿ ಬಂದ 'ಎಎಫ್-ಪಿ' ಹೊಸದು ಅಂತ ಖುಷಿಯಿಂದ ತಂದರೆ ಡಿ3200ರಲ್ಲಿ ಕೈಯಿಂದಲೂ ಫೋಕಸ್ ಆಗಲ್ಲ, ಯಾಕಂದ್ರೆ ಅದರ ರಿಂಗ್ ಕೂಡ ವಿದ್ಯುತ್ತಿನಲ್ಲೇ ನಡೆಯೋದು. ಅದೇ ಲೆನ್ಸ್ ಡಿ3400, ಡಿ3500ರಲ್ಲಿ ಸೊಗಸಾಗಿ ಕೆಲಸ ಮಾಡುತ್ತೆ. ಒಂದೇ ಹೆಸರು, ಒಂದು ಅಕ್ಷರದ ವ್ಯತ್ಯಾಸ.

ಪರಿಚಯದವರ ಮಗಳೊಬ್ಬಳು ಟ್ಯೂಷನ್ ಹೇಳಿ ಕೂಡಿಟ್ಟ ದುಡ್ಡಲ್ಲಿ ಆ ಮೊದಲನೆಯದನ್ನು ತಂದಿದ್ದಳು. ಅಂಗಡಿಯವನು "ಬಿಂದಾಸ್ ಚಲೇಗಾ" ಅಂದನಂತೆ. ವಾಪಸ್ ತಗೊಳ್ಳಲಿಲ್ಲ. ಎರಡು ತಿಂಗಳು ಮಸುಕು ಮಸುಕು ಚಿತ್ರ ತೆಗೆದು, "ನನಗೆ ಫೋಟೋ ತೆಗೆಯೋಕೆ ಬರಲ್ಲ ಅಂಕಲ್" ಅಂದಳು. ನನಗೆ ಸಂಕಟ ಆಗಿದ್ದು ದುಡ್ಡು ಹೋಗಿದ್ದಕ್ಕಲ್ಲ, ಈ ಮಾತಿಗೆ. ತಪ್ಪು ಅವಳ ಕೈಯದ್ದಲ್ಲ ಅಂತ ಹೇಳೋರು ಅಲ್ಲಿ ಯಾರೂ ಇರಲಿಲ್ಲ.

ಕೆನಾನ್‌ನವರದ್ದು ಈ ವಿಷಯದಲ್ಲಿ ಮೇಲು. 1987ರಲ್ಲಿ ಇಎಫ್ ಮೌಂಟ್ ತಂದಾಗಲೇ ಮೋಟರನ್ನು ಲೆನ್ಸಿನೊಳಗೆ ಇಟ್ಟರು. ಹಾಗಾಗಿ ಆಗಿನ ಇಎಫ್ ಲೆನ್ಸ್ ಕೂಡ ಅವರ ಅಗ್ಗದ ಡಿಎಸ್ಎಲ್ಆರ್‌ನಲ್ಲಿ ಫೋಕಸ್ ಆಗುತ್ತೆ. ಇಎಫ್-ಎಸ್ ಮಾತ್ರ ಫುಲ್ ಫ್ರೇಮ್ ಬಾಡಿಗೆ ಕೂರಲ್ಲ. ಕೆಂಪು ಚುಕ್ಕೆ ಇದ್ದರೆ ಇಎಫ್, ಬಿಳಿ ಚೌಕ ಇದ್ದರೆ ಇಎಫ್-ಎಸ್, ಅಷ್ಟೇ.

ಇನ್ನು "ಮುಂದೆ ಫುಲ್ ಫ್ರೇಮ್ ತಗೋತೀನಿ, ಈಗಲೇ ಅದಕ್ಕಾಗೋ ಲೆನ್ಸ್ ತಗೊಂಡರೆ ಲಾಭ" ಅನ್ನೋ ವಾದ. ನನಗೆ ಇದು ಒಪ್ಪಿಗೆಯಿಲ್ಲ. 2018ರಲ್ಲಿ ಎರಡೂ ಕಂಪನಿಗಳು ಮಿರರ್‌ಲೆಸ್‌ಗೆ ಹೊಸ ಮೌಂಟ್ ತಂದವು. ಹಳೆಯ ಲೆನ್ಸನ್ನು ಅಡಾಪ್ಟರ್ ಹಾಕಿ ಬಳಸಬಹುದು ನಿಜ, ಆದರೆ ನಿಕಾನ್‌ನ ಸ್ವಂತ ಎಫ್‌ಟಿಝೆಡ್ ಅಡಾಪ್ಟರ್‌ನಲ್ಲೂ ಆ ಮೋಟರ್ ಇಲ್ಲ. ಮುಂದಿನ ಕ್ಯಾಮೆರಾಗೆ ಈಗ ಲೆನ್ಸ್ ತಗೊಳ್ಳೋದು ಹುಟ್ಟದ ಮಗುವಿಗೆ ಕುಲಾವಿ ಹೊಲಿಸಿದ ಹಾಗೆ. ಕೈಯಲ್ಲಿರೋ ಕ್ಯಾಮೆರಾಗೆ ಯಾವುದು ಸರಿಯೋ ಅದನ್ನು ತಗೊಳ್ಳಿ.

ನನ್ನನ್ನು ಕೇಳಿದರೆ: ಜೊತೆಗೆ ಬಂದ 18-55 ಅನ್ನು ಬೈಯಬೇಡಿ, ಅದು ಇರಲಿ. ಮೊದಲ ಖರ್ಚು 70-300ಗೆ ಅಲ್ಲವೇ ಅಲ್ಲ. ನಿಕಾನ್ ಆದರೆ 2009ರಲ್ಲಿ ಬಂದ ಎಎಫ್-ಎಸ್ ಡಿಎಕ್ಸ್ 35 ಮಿ.ಮೀ. ಎಫ್/1.8, ಕೆನಾನ್ ಆದರೆ 50 ಮಿ.ಮೀ. ಎಫ್/1.8. ಜೂಮ್ ಇಲ್ಲ ಅಂತ ಮೂಗು ಮುರಿಯೋರು ಮಳೆಗಾಲದಲ್ಲಿ ಮುಂಬಯಿಗೆ ಬರೋ ಮೇಳಗಳ ಯಕ್ಷಗಾನ ಒಂದನ್ನು ತೆಗೆದು ನೋಡಲಿ. ಸಭಾಂಗಣದ ದೀಪದಲ್ಲಿ ವೇಷಧಾರಿ ಧಿಗಿಣ ಹಾಕುವಾಗ, 55ಕ್ಕೆ ಎಳೆದ ಕಿಟ್ ಲೆನ್ಸ್ ಎಫ್/5.6ರಲ್ಲಿ 1/30 ಸೆಕೆಂಡು ಕೇಳುತ್ತೆ ಅನ್ನಿ. ಕಿರೀಟ ಎಲ್ಲೋ, ಮುಖ ಎಲ್ಲೋ! ಎಫ್/1.8 ಅದಕ್ಕಿಂತ ಹತ್ತಿರ ಹತ್ತಿರ ಹತ್ತು ಪಟ್ಟು ಬೆಳಕು ಒಳಗೆ ಬಿಡುತ್ತೆ. ಅಂದರೆ 1/300. ಹತ್ತಿರ ಹೋಗೋಕೆ ಕಾಲಿದೆ, ಮುಂದಿನ ಸಾಲಿನ ಕುರ್ಚಿ ಇದೆ. ಬೆಳಕನ್ನು ಎಲ್ಲಿಂದ ತರ್ತೀರಿ? ಮನೆಯೊಳಗಿನ ನಾಮಕರಣ, ರಾತ್ರಿಯ ಗಣಪತಿ ಪೆಂಡಾಲ್, ನಾವು ತೆಗೆಯೋ ಮುಕ್ಕಾಲು ಪಾಲು ಚಿತ್ರದ ಕಥೆ ಇದೇ. ಹಕ್ಕಿ ಸಿಗೋದು ವರ್ಷಕ್ಕೆ ಒಂದು ಸಲ, ಅದೂ ಊರಿಗೆ ಹೋದರೆ.

ಹಳೆ ಲೆನ್ಸ್ ಹುಡುಕೋರು ಫೋರ್ಟಿನ ಬೋರಾ ಬಜಾರ್ ಕಡೆ ಹೋದಾಗ ನಿಮ್ಮ ಕ್ಯಾಮೆರಾವನ್ನೇ ಒಯ್ಯಿರಿ. ಅಲ್ಲೇ ಹಾಕಿ, ಅರ್ಧ ಶಟರ್ ಒತ್ತಿ, ಫೋಕಸ್ ಆಗೋ ಸದ್ದು ಕೇಳಿ. ಮೊಬೈಲ್ ಟಾರ್ಚನ್ನು ಲೆನ್ಸಿನ ಹಿಂದೆ ಹಿಡಿದು ಒಳಗೆ ಜೇಡರ ಬಲೆಯಂಥ ಎಳೆ ಇದೆಯಾ ನೋಡಿ. ಅದು ಬೂಷ್ಟು. ಈ ಊರಿನ ಮಳೆಗಾಲದಲ್ಲಿ ಚೀಲದಲ್ಲೇ ಮುಚ್ಚಿಟ್ಟ ಲೆನ್ಸಿಗೆ ಅದು ಬರೋದು ದೊಡ್ಡ ಮಾತಲ್ಲ. ಗಾಳಿಯಾಡದ ಡಬ್ಬಿ ಒಂದು, ಸಿಲಿಕಾ ಜೆಲ್ ಪುಡಿಕೆ ನಾಲ್ಕು ಇದ್ದರೆ ಸಾಕು. ಅಂಗಡಿಯವನು ಹಾಕಿ ನೋಡೋಕೆ ಬಿಡಲ್ಲ ಅಂದರೆ ಪಕ್ಕದ ಅಂಗಡಿಗೆ ನಡೀರಿ.

ಆ ಹುಡುಗಿಗೆ ನನ್ನ 35 ಮಿ.ಮೀ. ಕೊಟ್ಟಿದ್ದೇನೆ, ಮಳೆಗಾಲ ಮುಗಿಯೋವರೆಗೆ. ಸದ್ಯಕ್ಕೆ ಅವಳ ಬಿಲ್ಡಿಂಗಿನ ಬೆಕ್ಕುಗಳೆಲ್ಲ ಫೋಕಸ್‌ನಲ್ಲಿವೆ.