ಕಡಲಲ್ಲಿ ನಿಂತ ಗಾಳಿಯಂತ್ರ

ಕಡಲ ದಂಡೆಗೆ ಹೋದವರಿಗೆಲ್ಲ ಗೊತ್ತು, ಅಲ್ಲಿಯ ಗಾಳಿಗೆ ಬಿಡುವೇ ಇಲ್ಲ. ತಡೆಯಲು ಗುಡ್ಡವಿಲ್ಲ, ಮರವಿಲ್ಲ. ಗಾಳಿಯ ವೇಗ ಎರಡು ಪಟ್ಟಾದರೆ ಅದರಲ್ಲಿರುವ ಶಕ್ತಿ ಎರಡಲ್ಲ, ಎಂಟು ಪಟ್ಟಾಗುತ್ತದೆ. ಹಾಗಾದರೆ ಗಾಳಿಯಂತ್ರಗಳನ್ನು ಕಡಲಿನಲ್ಲೇ ಏಕೆ ನಿಲ್ಲಿಸಬಾರದು?

1991ರಲ್ಲಿ ಡೆನ್ಮಾರ್ಕ್ ಅದನ್ನು ಮಾಡಿ ನೋಡಿತು. ಲೋಲ್ಯಾಂಡ್ ದ್ವೀಪದ ವಿಂಡೆಬಿ ಬಳಿ, ದಂಡೆಯಿಂದ ಎರಡು-ಮೂರು ಕಿಲೋಮೀಟರ್ ಆಚೆ, ಎರಡು ಸಾಲುಗಳಲ್ಲಿ 11 ಯಂತ್ರಗಳು ನಿಂತವು. ಒಂದೊಂದರ ಸಾಮರ್ಥ್ಯ 450 ಕಿಲೋವಾಟ್. ಪ್ರಪಂಚದ ಮೊದಲ ಕಡಲ ಪವನ ವಿದ್ಯುತ್ ಕೇಂದ್ರ ಇದು.

ಯಂತ್ರಗಳು ನೆಲದ ಮೇಲಿನವೇ. ಉಪ್ಪುಗಾಳಿ ನುಗ್ಗದಂತೆ ಗೋಪುರಗಳನ್ನು ಬಿಗಿಗೊಳಿಸಿದ್ದರು, ಅಷ್ಟೆ. ನಿಜವಾದ ಸವಾಲು ಇದ್ದದ್ದು ಬುಡದಲ್ಲಿ. ಅಲೆ, ಗಾಳಿ, ಚಳಿಗಾಲದ ಮಂಜುಗಡ್ಡೆ ಎಲ್ಲ ಸೇರಿ ನೂಕುವಾಗ ಗೋಪುರ ಅಲುಗಬಾರದು. ಅದಕ್ಕಾಗಿ ಕಾಂಕ್ರೀಟಿನ ಭಾರಿ ಪೆಟ್ಟಿಗೆಗಳನ್ನು ದಡದಲ್ಲಿ ಕಟ್ಟಿ, ತೇಲಿಸಿಕೊಂಡು ಹೋದರು. ಕಾಂಕ್ರೀಟು ತೇಲುತ್ತದೆಯೇ ಎಂದು ಮಕ್ಕಳು ಕೇಳಬಹುದು. ಒಳಗೆ ಟೊಳ್ಳಾಗಿದ್ದರೆ ತೇಲುತ್ತದೆ, ಕಬ್ಬಿಣದ ಹಡಗು ತೇಲುವ ಹಾಗೆ. ಜಾಗ ತಲುಪಿದ ಮೇಲೆ ಮರಳು, ಜಲ್ಲಿ ತುಂಬಿ ತಳಕ್ಕೆ ಕೂರಿಸಿದರು. ಅಲ್ಲಿ ನೀರಿನ ಆಳ ನಾಲ್ಕು ಮೀಟರಿನೊಳಗೇ ಇತ್ತು. ಆಳ ಎರಡು ಪಟ್ಟಾದರೆ ಇಂಥ ಅಡಿಪಾಯದ ಖರ್ಚು ಸುಮಾರು ನಾಲ್ಕು ಪಟ್ಟು! ಆದ್ದರಿಂದ ಮುಂದೆ ಹೆಚ್ಚು ಆಳದ ನೀರಿಗೆ ಇಳಿದವರು ಸಮುದ್ರದ ತಳಕ್ಕೇ ಉಕ್ಕಿನ ದಪ್ಪ ಕೊಳವೆ ಬಡಿದು, ಅದರ ಮೇಲೆ ಗೋಪುರ ನಿಲ್ಲಿಸತೊಡಗಿದರು.

2002ರಲ್ಲಿ ಉತ್ತರ ಸಮುದ್ರದ ಹೋರ್ನ್ಸ್ ರೆವ್‌ನಲ್ಲಿ 80 ಯಂತ್ರಗಳು ಎದ್ದದ್ದು ಹೀಗೆಯೇ. ಆದರೆ ಎರಡೇ ವರ್ಷದಲ್ಲಿ ಟ್ರಾನ್ಸ್‌ಫಾರ್ಮರು, ಜನರೇಟರುಗಳು ಕೈಕೊಟ್ಟವು. ಎಂಬತ್ತರ ದುರಸ್ತಿಯೂ ದಡದಲ್ಲೇ ಆಗಬೇಕಾಯಿತು. ಗುಡ್ಡದ ಮೇಲಿನ ಯಂತ್ರ ಕೆಟ್ಟರೆ ಮೆಕ್ಯಾನಿಕ್ ಜೀಪು ಹತ್ತಿ ಹೋಗುತ್ತಾನೆ. ಕಡಲಿನಲ್ಲಿ ಅಲೆ ಇಳಿಯುವವರೆಗೆ ಕಾಯಬೇಕು, ಇಲ್ಲವೇ ಹೆಲಿಕಾಪ್ಟರಿನಿಂದ ಹಗ್ಗ ಹಿಡಿದು ಯಂತ್ರದ ನೆತ್ತಿಗೆ ಇಳಿಯಬೇಕು. ಕಡಲಿನ ಗಾಳಿ ಪುಕ್ಕಟೆ, ನಿಜ. ರಿಪೇರಿ ಮಾತ್ರ ಪುಕ್ಕಟೆಯಲ್ಲ.

ವಿಂಡೆಬಿಯ ಯಂತ್ರಗಳನ್ನು 2017ರಲ್ಲಿ ಕಳಚಿದರು. ಇಪ್ಪತ್ತೈದು ವರ್ಷಗಳಲ್ಲಿ ಅವು ಕೊಟ್ಟದ್ದು ಸುಮಾರು 24 ಕೋಟಿ ಯೂನಿಟ್. ಈಗ 236 ಮೀಟರ್ ವ್ಯಾಸದ ಚಕ್ರವಿರುವ 15 ಮೆಗಾವಾಟಿನ ಯಂತ್ರಗಳು ಬಂದಿವೆ. ಅಂಥ ಒಂದೇ ಯಂತ್ರದ ಸಾಮರ್ಥ್ಯ ಇಡೀ ವಿಂಡೆಬಿಯ ಮೂರು ಪಟ್ಟು. ವಿಂಡೆಬಿಯ ಚಕ್ರದ ವ್ಯಾಸ 35 ಮೀಟರ್. ರೆಕ್ಕೆ ಸುತ್ತುವ ವೃತ್ತದ ವಿಸ್ತೀರ್ಣ ಎಷ್ಟು ಪಟ್ಟು ಹೆಚ್ಚಿತೆಂದು ಹೈಸ್ಕೂಲಿನ ಮಕ್ಕಳೇ ಲೆಕ್ಕ ಹಾಕಲಿ.

ಗುಜರಾತ್ ಮತ್ತು ತಮಿಳುನಾಡಿನ ಕಡಲಿನಲ್ಲಿ ತಲಾ 500 ಮೆಗಾವಾಟಿನ ಕೇಂದ್ರಗಳಿಗೆ ನೆರವಾಗಲು ಕೇಂದ್ರ ಸಂಪುಟ 2024ರ ಜೂನ್‌ನಲ್ಲಿ 7,453 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಡೇನರು ಕಾಣದ ಚಂಡಮಾರುತ ಇಲ್ಲಿದೆ. ಅಲ್ಲದೆ, ಗಾಳಿ ಜೋರಾಗಿ ಬೀಸುವ ಮುಂಗಾರಿನ ತಿಂಗಳುಗಳೇ ರಿಪೇರಿಯವರ ದೋಣಿ ಕಡಲಿಗಿಳಿಯಲಾಗದ ತಿಂಗಳುಗಳೂ ಹೌದು.