ಹುಳು ಮನೆಯಿಂದ ಕಾನೂನು ಶಾಲೆಗೆ

ಶಿಡ್ಲಘಟ್ಟದ ಸುತ್ತಮುತ್ತಲ ಹಳ್ಳಿಗಳಲ್ಲಿ ಮನೆಯ ವೇಳಾಪಟ್ಟಿಯನ್ನು ರೇಷ್ಮೆ ಹುಳುವೇ ಬರೆಯುತ್ತದೆ. ಎರಡನೇ ಜ್ವರ ಕಳೆದ ಚಾಕಿ ಹುಳು ಮನೆಗೆ ಬಂದ ದಿನದಿಂದ ಗೂಡು ಬಿಡಿಸುವವರೆಗೆ ಮೂರು ವಾರಕ್ಕೆ ಕಡಿಮೆಯಿಲ್ಲ. ಅಷ್ಟು ದಿನವೂ ಮನೆಮಂದಿಯೆಲ್ಲ ಸೊಪ್ಪು, ಚಂದ್ರಿಕೆಗಳ ಸುತ್ತಲೇ ಇರುತ್ತಾರೆ. ಇಂಥ ಮನೆಯ ಪಿಯುಸಿ ಹುಡುಗಿಯೊಬ್ಬಳು ‘ನಾನು ಲಾ ಓದ್ತೀನಿ’ ಎಂದರೆ ಅಪ್ಪ ಅಮ್ಮ ಬೇಡ ಎನ್ನುವುದಿಲ್ಲ. ‘ಓದಮ್ಮ, ಈ ಬೆಳೆ ಒಂದು ಮುಗೀಲಿ’ ಎನ್ನುತ್ತಾರೆ. ಅದು ಮುಗಿಯುವಷ್ಟರಲ್ಲಿ ಮುಂದಿನ ಬೆಳೆಗೆ ತೋಟದಲ್ಲಿ ಸೊಪ್ಪು ಸಿದ್ಧವಾಗಿರುತ್ತದೆ.

ದೇಶದ ಬಹುತೇಕ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳಿಗೆ ಪ್ರವೇಶ ಕೊಡುವ ‘ಕ್ಲಾಟ್’ ಪರೀಕ್ಷೆ 2008ರಲ್ಲಿ ಆರಂಭವಾಯಿತು. 2022ರಿಂದ ಇದು ಡಿಸೆಂಬರ್ ತಿಂಗಳಲ್ಲಿ ನಡೆಯುತ್ತಿದೆ. ಅಂದರೆ ದ್ವಿತೀಯ ಪಿಯುಸಿ ಪರೀಕ್ಷೆಗೆ ಮೂರು ತಿಂಗಳೂ ಇಲ್ಲದ ಹೊತ್ತಿನಲ್ಲಿ. ಪದವಿ ಕೋರ್ಸಿನ ಪತ್ರಿಕೆಯಲ್ಲಿ 120 ಪ್ರಶ್ನೆಗಳು, 120 ನಿಮಿಷ. ಇಂಗ್ಲಿಷ್, ಪ್ರಚಲಿತ ವಿದ್ಯಮಾನ, ಕಾನೂನು ತರ್ಕ, ಸಾಮಾನ್ಯ ತರ್ಕ, ಗಣಿತ ಎಂಬ ಐದು ಭಾಗ. ಒಂದೊಂದು ಉದ್ಧೃತ ಭಾಗವನ್ನು ಓದಿ ಅದರ ಮೇಲಿನ ಪ್ರಶ್ನೆಗಳಿಗೆ ಉತ್ತರಿಸಬೇಕು, ಎಲ್ಲವೂ ಇಂಗ್ಲಿಷಿನಲ್ಲಿ. ಕನ್ನಡ ಮಾಧ್ಯಮದ ಮಕ್ಕಳಿಗೆ ಕಾನೂನಿಗಿಂತ ಮೊದಲು ಎದುರಾಗುವ ಗೋಡೆ ಓದಿನ ವೇಗ.

ಕಾನೂನು ತರ್ಕಕ್ಕೆ ಮೊದಲೇ ಕಾನೂನು ಗೊತ್ತಿರಬೇಕಾಗಿಲ್ಲ ಎಂಬುದನ್ನು ಪೋಷಕರೂ ತಿಳಿದಿರಬೇಕು. ‘ತೂಕ ಮುಗಿದ ಮೇಲೆ ಆಗುವ ನಷ್ಟ ಕೊಂಡವನದು’ ಎಂಬ ನಿಯಮವನ್ನು ಪ್ರಶ್ನೆಯಲ್ಲೇ ಕೊಟ್ಟಿದ್ದಾರೆ ಎಂದಿಟ್ಟುಕೊಳ್ಳಿ. ದರ ಕೂಗಿ ಆಗಿದೆ, ತೂಕ ಆಗಿಲ್ಲ, ಮಳೆಗೆ ಟೊಮೆಟೊ ಹಾಳಾಯಿತು, ನಷ್ಟ ಯಾರದು? ಚಿಂತಾಮಣಿಯ ಮಂಡಿಯಲ್ಲಿ ಅಪ್ಪನ ಜೊತೆ ನಿಂತ ಹುಡುಗನಿಗೆ ಇದು ಹೊಸದಲ್ಲ. ಕೊಟ್ಟ ನಿಯಮವನ್ನು ಬಿಟ್ಟು ತನಗೆ ನ್ಯಾಯ ಎನಿಸಿದ್ದನ್ನು ಬರೆದರೆ ಮಾತ್ರ ಅಂಕ ಹೋಗುತ್ತದೆ. ಗಣಿತ ಭಾಗದ ತೂಕ ನೂರಕ್ಕೆ ಹತ್ತರಷ್ಟು, ಮಟ್ಟ ಹತ್ತನೇ ತರಗತಿಯದು. ಒಂದು ಕೆ.ಜಿ. ನೂಲಿಗೆ ಎಷ್ಟು ಕೆ.ಜಿ. ಗೂಡು ಎಂಬ ರೆಂಡಿಟ್ಟಾ ಲೆಕ್ಕವನ್ನು ಬಾಯಲ್ಲೇ ಮಾಡುವ ಬಿಚ್ಚಾಣಿಕೆದಾರರ ಮಕ್ಕಳು ಅನುಪಾತ ಎಂದೊಡನೆ ಹೆದರುವುದು ವಿಚಿತ್ರ.

ಇನ್ನು ಸಮಯದ ಮಾತು. ‘ದಿನಕ್ಕೆ ಆರು ಗಂಟೆ ಓದಿ’ ಎಂಬ ಸಲಹೆ ಪಟ್ಟಣದ ಮಕ್ಕಳಿಗೆ ಬರೆದದ್ದು. ಹುಳು ಸಾಕುವ ಮನೆಯಲ್ಲಿ ಎಲ್ಲ ದಿನಗಳೂ ಒಂದೇ ಅಲ್ಲ. ಹುಳು ಜೀವಮಾನದಲ್ಲಿ ತಿನ್ನುವ ಸೊಪ್ಪಿನ ನೂರಕ್ಕೆ 80ಕ್ಕೂ ಹೆಚ್ಚು ಪಾಲು ಕೊನೆಯ ಹಂತದ ಏಳೆಂಟು ದಿನಗಳಲ್ಲೇ ಖರ್ಚಾಗುತ್ತದೆ. ಆ ದಿನಗಳಲ್ಲಿ ಮಗಳನ್ನು ಪುಸ್ತಕದ ಮುಂದೆ ಕೂರಿಸಿದರೂ ಕಣ್ಣು ಎಳೆಯುತ್ತದೆ. ಆಗ ಒಂದು ಸಂಪಾದಕೀಯ ಓದಿದರೆ ಸಾಕು. ಅದೇ ಹುಳು ಪೊರೆ ಕಳಚಲು ಜ್ವರಕ್ಕೆ ಕೂತಾಗ ಸುಮಾರು ಒಂದು ದಿನ ಸೊಪ್ಪು ಮುಟ್ಟುವುದಿಲ್ಲ. ಮೂರನೇ ಜ್ವರ, ನಾಲ್ಕನೇ ಜ್ವರದ ದಿನಗಳು ಎರಡು ಗಂಟೆಯ ಪೂರ್ಣ ಮಾದರಿ ಪತ್ರಿಕೆಗೆ ಹೇಳಿ ಮಾಡಿಸಿದಂತಿವೆ. ಹುಳು ಚಂದ್ರಿಕೆಗೆ ಏರಿದ ಮೇಲಿನ ನಾಲ್ಕೈದು ದಿನ, ಬೆಳೆ ಮುಗಿದ ಮೇಲಿನ ಬಿಡುವು ತಪ್ಪುಗಳನ್ನು ತಿದ್ದಿಕೊಳ್ಳಲು. ಹಳೆಯ ಪ್ರಶ್ನೆಪತ್ರಿಕೆಗಳು ಕ್ಲಾಟ್ ಒಕ್ಕೂಟದ ಜಾಲತಾಣದಲ್ಲೇ ಉಚಿತವಾಗಿ ಸಿಗುತ್ತವೆ.

ತಪ್ಪು ಉತ್ತರಕ್ಕೆ ಕಾಲು ಅಂಕ ಕಳೆಯುತ್ತಾರೆಂದು ಖಾಲಿ ಬಿಡುವವರು ಬಹಳ. ನಾಲ್ಕು ಆಯ್ಕೆಗಳಲ್ಲಿ ಒಂದು ಖಂಡಿತ ತಪ್ಪೆಂದು ಗೊತ್ತಾದರೆ ಉಳಿದ ಮೂರರಲ್ಲಿ ಊಹಿಸುವುದು ಲಾಭವೇ. ಅಂಥ ಮೂರು ಊಹೆಗಳಲ್ಲಿ ಸರಾಸರಿ ಒಂದು ಸರಿ, ಎರಡು ತಪ್ಪು. ಒಂದರಲ್ಲಿ ಅರ್ಧ ಕಳೆದರೂ ಅರ್ಧ ಅಂಕ ಉಳಿಯಿತು.

ಗೌರಿಬಿದನೂರಿನಿಂದ ರೈಲಿನಲ್ಲಿ ಬೆಂಗಳೂರಿನ ಕೆಲಸಕ್ಕೆ ಹೋಗಿಬರುವ ಪದವೀಧರರ ಪ್ರಶ್ನೆ ಬೇರೆ. ಅವರಿಗೆ ಮೂರು ವರ್ಷದ ಎಲ್‌ಎಲ್‌ಬಿ ಇದೆ. ರೈಲಿನಲ್ಲಿ ಓದಿ ಪ್ರವೇಶ ಪಡೆಯಬಹುದು, ಕಷ್ಟ ಶುರುವಾಗುವುದು ಆಮೇಲೆ. ಬಾರ್ ಕೌನ್ಸಿಲ್‌ನ 2008ರ ನಿಯಮಗಳು ಪ್ರತಿ ವಿಷಯದಲ್ಲೂ ನೂರಕ್ಕೆ 70 ಹಾಜರಾತಿ ಕೇಳುತ್ತವೆ. ಹಗಲು ಪೂರ್ತಿ ನೌಕರಿಯಲ್ಲಿರುವವರು ಸೇರುವ ಮುಂಚೆಯೇ ಕಾಲೇಜಿನ ವೇಳೆ, ರಜೆಯ ಲೆಕ್ಕ, ಮೂರು ವರ್ಷ ಸಂಬಳ ಕಡಿಮೆಯಾದರೆ ಮನೆ ನಡೆಯುವುದೇ ಎಂಬುದನ್ನು ಹೆಂಡತಿಯೋ ಗಂಡನೋ ಎದುರಿಗೆ ಕೂತು ಮಾತಾಡಿಕೊಳ್ಳಬೇಕು. ವಯಸ್ಸಿನ ಚಿಂತೆ ಬೇಡ, ಕ್ಲಾಟ್‌ಗೆ ಗರಿಷ್ಠ ವಯೋಮಿತಿಯಿಲ್ಲ.

ಈ ಕಡೆಯ ಹಿರಿಯರು ಮಕ್ಕಳಿಗೆ ಎಚ್.ನರಸಿಂಹಯ್ಯನವರ ಉದಾಹರಣೆ ಕೊಡುತ್ತಾರೆ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಆ ಬಡ ಹುಡುಗ ನ್ಯಾಷನಲ್ ಹೈಸ್ಕೂಲು ಸೇರಲು ಬೆಂಗಳೂರಿಗೆ ನಡೆದೇ ಹೋದದ್ದು ನಿಜ. ಆದರೆ ಹೋದವರು ಅಲ್ಲೇ ಉಳಿದು ಓದಿದರು. ಇಂದಿನ ಹುಡುಗಿ ಸಂಜೆ ಬಸ್ಸಿನಲ್ಲಿ ವಾಪಸು ಬಂದು ಸೊಪ್ಪು ಕುಯ್ಯಬೇಕು. ಉದಾಹರಣೆ ಕೊಡುವಾಗ ಇದನ್ನೂ ನೆನೆದರೆ ಒಳ್ಳೆಯದು.

ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ ನಮ್ಮ ರಾಜ್ಯದಲ್ಲಿ ಕನಿಷ್ಠ ಹತ್ತು ವರ್ಷ ಓದಿದವರಿಗೆಂದು 2021ರಿಂದ ನೂರಕ್ಕೆ 25 ಸೀಟುಗಳಿವೆ. ಬಡ ಮಕ್ಕಳಿಗೆ ಈ ಪರೀಕ್ಷೆಗೆ ತರಬೇತಿ ಕೊಡುವ ‘ಇಡಿಯಾ’ ಎಂಬ ಸಂಸ್ಥೆಯನ್ನು ಪ್ರೊ. ಶಮ್ನಾದ್ ಬಶೀರ್ 2010ರಲ್ಲಿ ಆರಂಭಿಸಿದ್ದರು. ಅರ್ಜಿ ಶುಲ್ಕವೇ ಸಾಮಾನ್ಯ ವರ್ಗಕ್ಕೆ 4000 ರೂಪಾಯಿ, ಪರಿಶಿಷ್ಟರಿಗೂ ಬಡತನ ರೇಖೆಗಿಂತ ಕೆಳಗಿನವರಿಗೂ 3500. ಇದನ್ನು ಮೊದಲೇ ತೆಗೆದಿಡಬೇಕು.

ಉಳಿದದ್ದು ನವೆಂಬರ್ ಬೆಳೆ. ಪರೀಕ್ಷೆಗೆ ಮುಂಚಿನ ಆ ಒಂದು ಬೆಳೆಗೆ ಇನ್ನೂರು ಮೊಟ್ಟೆಯ ಬದಲು ನೂರು ಮೊಟ್ಟೆಯ ಹುಳು ತರುವುದೋ, ಕೊನೆಯ ವಾರಕ್ಕೆ ಒಬ್ಬ ಆಳನ್ನು ಇಡುವುದೋ? ಎರಡರಲ್ಲೂ ಹಣ ಹೋಗುತ್ತದೆ. ಚಾಕಿ ಕೇಂದ್ರಕ್ಕೆ ಮೊಟ್ಟೆಯ ಲೆಕ್ಕ ಹೇಳುವ ದಿನವೇ ಅಪ್ಪ ಮಗಳು ಕೂತು ಅದನ್ನು ತೀರ್ಮಾನಿಸಿಕೊಳ್ಳಬೇಕಾಗುತ್ತದೆ. ಹುಳು ಮನೆಗೆ ಬಂದ ಮೇಲೆ ಮಾತಾಡಲು ಪುರುಸೊತ್ತಿರುವುದಿಲ್ಲ.