ಉದ್ಯಾನ ಯಾರ ಔದಾರ್ಯವೂ ಅಲ್ಲ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಗಳಂತಹ ಪಟ್ಟಣಗಳಲ್ಲಿ ಉದ್ಯಾನಕ್ಕೆ ಏನು ಬೇಕೆಂಬುದನ್ನು ಅಲ್ಲಿಯ ನಿವಾಸಿಗಳಿಗಿಂತ ಚೆನ್ನಾಗಿ ಬಲ್ಲವರಾರು? ಆದರೆ ಅವರನ್ನು ಕೇಳುವವರಾರು?

1992ರ 74ನೇ ತಿದ್ದುಪಡಿಯು ಸಂವಿಧಾನಕ್ಕೆ 12ನೇ ಅನುಸೂಚಿಯನ್ನು ಸೇರಿಸಿ, ಉದ್ಯಾನ ಮತ್ತು ಆಟದ ಮೈದಾನಗಳನ್ನು ನಗರಾಡಳಿತದ ಕಾರ್ಯಪಟ್ಟಿಯಲ್ಲಿರಿಸಿತು. ವಾರ್ಡ್ ಸಮಿತಿಗಳನ್ನು ಮಾತ್ರ 3 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯಿರುವಲ್ಲಿ ಕಡ್ಡಾಯಗೊಳಿಸಿತು. ಈ ನಾಲ್ಕು ಪಟ್ಟಣಗಳು ಆ ಸಂಖ್ಯೆಯ ಸಮೀಪಕ್ಕೂ ಬಾರವು. ಸಣ್ಣ ಊರಿನವರಿಗೆ ಅಭಿಪ್ರಾಯವೇ ಇರುವುದಿಲ್ಲವೇ? ಸಂವಿಧಾನ ಕಡ್ಡಾಯಗೊಳಿಸದಿದ್ದುದನ್ನು ನಿಷೇಧಿಸಿಯೂ ಇಲ್ಲವೆಂಬುದನ್ನು ನಾವು ನೆನಪಿಸಬಯಸುತ್ತೇವೆ.

ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಉದ್ಯಾನಕ್ಕೆ ಮೀಸಲಾದ ಜಾಗವನ್ನು ಖಾಸಗಿ ನರ್ಸಿಂಗ್ ಹೋಮ್‌ಗೆ ನೀಡಿದಾಗ ನಿವಾಸಿಗಳು ನ್ಯಾಯಾಲಯಕ್ಕೆ ಹೋದರು. ಆ ಹಂಚಿಕೆ ಸಲ್ಲದೆಂದೂ ಅದನ್ನು ಪ್ರಶ್ನಿಸುವ ಹಕ್ಕು ನಿವಾಸಿಗಳಿಗಿದೆಯೆಂದೂ 1991ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. (ಆಸ್ಪತ್ರೆ ಕೆಟ್ಟದ್ದಲ್ಲ, ಜಾಗ ಅದರದ್ದಾಗಿರಲಿಲ್ಲ, ಅಷ್ಟೇ.)

ಆದರೆ ನಾವು ಹಕ್ಕೊತ್ತಾಯ ಮಾಡುತ್ತಿರುವುದಾದರೂ ಯಾವುದಕ್ಕೆ? ನಮ್ಮ ಜಮಾಅತ್‌ಗಳು ಮನವಿಪತ್ರ ಹಿಡಿದು ಹೋಗುವುದು ಶಾದಿ ಮಹಲ್‌ಗಾಗಿ, ಖಬರಸ್ತಾನದ ಆವರಣ ಗೋಡೆಗಾಗಿ. ಅವೂ ಬೇಕು. ವಾಹನಗಳ ನಡುವೆ ಚೆಂಡು ಹುಡುಕುವ ಮಕ್ಕಳು ಮನವಿಗೆ ಅರ್ಹವಾದ ವಿಷಯವಲ್ಲವೇ? ಸಂಜೆ ನಡೆದಾಡಲು ದೀಪವಿರುವ ದಾರಿ, ಬೀಗ ಹಾಕಿರದ ಶೌಚಾಲಯ ಬೇಕೆಂದು ಮನೆಯ ಹೆಣ್ಣುಮಕ್ಕಳು ಹೇಳಿದರೆ ಆ ಮಾತು ಮೊಹಲ್ಲಾದ ಸಭೆಯನ್ನು ತಲುಪುವುದಿಲ್ಲ. ಆ ಸಭೆಯಲ್ಲಿ ಅವರಿಗೆ ಸ್ಥಾನವೇ ಇಲ್ಲವಲ್ಲ!

ಕಾಮಗಾರಿಯ ಅಂದಾಜುಪಟ್ಟಿ ತಯಾರಾಗುವ ಮುನ್ನ ಸ್ಥಳೀಯ ಆಡಳಿತವು ಪ್ರತಿ ವಾರ್ಡಿನಲ್ಲೂ ಸಭೆ ಕರೆಯಲಿ. ಮಹಿಳೆಯರು ಅಲ್ಲಿ ಮಾತನಾಡಲಿ, ಆಡಿದ ಮಾತು ನಡವಳಿ ಪುಸ್ತಕದಲ್ಲಿ ದಾಖಲಾಗಲಿ. ಇದಕ್ಕೆ ಯಾವ ಅನುದಾನಕ್ಕೂ ಕಾಯಬೇಕಾಗಿಲ್ಲ.